ಸ್ಕ್ರೀನ್‌ಶಾಟ್ ನೋಡಿ ಬಾಕ್ಸ್ ಕಳಿಸಬೇಡಿ: ನೇರ ಮಾರಾಟಕ್ಕೆ ಐದು ನಿಯಮ

ಮಾವಿನ ಸೀಸನ್ ಬಂತು ಅಂದ್ರೆ ನಮ್ಮಲ್ಲಿ ಹಲವರು ವಾಟ್ಸಾಪ್‌ನಲ್ಲೇ ಆರ್ಡರ್ ತಗೊಂಡು ಗ್ರಾಹಕರಿಗೆ ನೇರವಾಗಿ ಹಣ್ಣು ಕಳಿಸ್ತೀವಿ. ಕಮಿಷನ್ ಉಳಿಯುತ್ತೆ, ನಿಜ. ಆದರೆ ಮಂಡಿಯಲ್ಲಿ ಮುಖ ನೋಡಿ ವ್ಯಾಪಾರ ಮಾಡ್ತಿದ್ವಿ, ಇಲ್ಲಿ ಮುಖವೇ ಕಾಣಲ್ಲ.

ಮೊದಲ ವರ್ಷ ನಾನೇ ಮೋಸ ಹೋದೆ. ಒಬ್ಬರು 20 ಬಾಕ್ಸ್ ಬಾದಾಮಿ ಮಾವು ಕೇಳಿ, ಹಣ ಹಾಕಿದ ಸ್ಕ್ರೀನ್‌ಶಾಟ್ ಕಳಿಸಿದ್ರು. ನಾನದನ್ನು ತಮ್ಮನಿಗೆ ಫಾರ್ವರ್ಡ್ ಮಾಡಿದೆ, ಅವನು ಬಾಕ್ಸ್‌ಗಳನ್ನು ಬಸ್ಸಿಗೆ ಹಾಕಿಬಿಟ್ಟ. ಸಂಜೆ ಖಾತೆ ನೋಡಿದ್ರೆ ಒಂದು ರೂಪಾಯಿಯೂ ಬಂದಿರಲಿಲ್ಲ. ಏನನ್ನು ನೋಡಿ ಮಾಲು ಬಿಡಬೇಕು ಅಂತ ನಾನು ನಿಯಮವನ್ನೇ ಮಾಡಿರಲಿಲ್ಲ. ತಪ್ಪು ನನ್ನದೇ.

ಈಗ ನಾವು ಪಾಲಿಸುವ ಕ್ರಮ ಇದು:

1. ಮಾರಾಟಕ್ಕೆ ಬೇರೆ ಖಾತೆ: ಯುಪಿಐಗೆ ಈ ಖಾತೆ ಮಾತ್ರ ಜೋಡಿಸಿ. ಬಂದ ಹಣವನ್ನು ಆಗಾಗ ಮನೆಯ ಉಳಿತಾಯ ಖಾತೆಗೆ ಹಾಕಿಕೊಳ್ಳಿ. ಏನೇ ಎಡವಟ್ಟಾದರೂ ವರ್ಷದ ದುಡಿಮೆ ಉಳಿಯುತ್ತೆ.

2. ಪ್ರತಿ ಆರ್ಡರ್‌ಗೂ ಒಂದು ನಂಬರ್: ಹೆಸರು, ವಿಳಾಸ, ಬಾಕ್ಸ್ ಎಷ್ಟು, ಮೊತ್ತ ಎಷ್ಟು ಅಂತ ಪುಸ್ತಕದಲ್ಲಿ ಬರೆಯಿರಿ.

3. ಖಾತೆ ನೋಡಿಯೇ ಮಾಲು: ಸ್ಕ್ರೀನ್‌ಶಾಟ್, ಎಸ್ಎಂಎಸ್ ಎರಡನ್ನೂ ನಕಲಿ ಮಾಡಬಹುದು. ಗ್ರಾಹಕರಿಂದ 12 ಅಂಕಿಯ ಯುಟಿಆರ್ ನಂಬರ್ ಕೇಳಿ, ನಿಮ್ಮ ಬ್ಯಾಂಕ್ ಆ್ಯಪ್‌ನ ಸ್ಟೇಟ್‌ಮೆಂಟ್‌ನಲ್ಲಿ ತಾಳೆ ನೋಡಿ. ಸರಿ ಇದ್ದರೆ ಪುಸ್ತಕದಲ್ಲಿ ಗುರುತು ಹಾಕಿ. ಪ್ಯಾಕ್ ಮಾಡುವವರು ಆ ಗುರುತು ಇಲ್ಲದೆ ಬಾಕ್ಸ್ ಮುಟ್ಟಬಾರದು, ನೀವೇ ಅವಸರ ಮಾಡಿದ್ರೂ!

4. ಹಣ ಪಡೆಯಲು ಪಿನ್ ಬೇಡ: 'ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಹಾಕಿ, ನಿಮಗೆ ಹಣ ಬರುತ್ತೆ' ಅಂದ್ರೆ ಅಲ್ಲಿಗೇ ಫೋನ್ ಇಡಿ. ಪಿನ್ ಹಾಕಿದ್ರೆ ಹಣ ಹೋಗುತ್ತೆ, ಬರಲ್ಲ. ಸೇನೆಯವರು ಅಂತ ಹೇಳಿಕೊಂಡು ದೊಡ್ಡ ಆರ್ಡರ್ ಕೊಡುವವರೂ ಇದೇ ಆಟ ಆಡ್ತಾರೆ. 'ಜಾಸ್ತಿ ಹಾಕಿಬಿಟ್ಟೆ, ವಾಪಸ್ ಕಳಿಸಿ' ಅಂದ್ರೂ ಮೊದಲು ಖಾತೆ ನೋಡಿ.

5. ಗ್ರಾಹಕರಿಗೂ ಭದ್ರತೆ ಬೇಕು: ಅವರಿಗೂ ನಮ್ಮ ಮುಖ ಕಾಣಲ್ಲ ಅಲ್ವಾ? ತೂಕದ ಫೋಟೋ, ಕೊಯ್ಲಿನ ದಿನಾಂಕ, ಪಾರ್ಸೆಲ್ ರಸೀದಿ ಕಳಿಸಿ. ಹಣ್ಣು ಕೆಟ್ಟಿದ್ದರೆ ಏನು ಮಾಡ್ತೀರಿ ಅಂತ ಮೊದಲೇ ತಿಳಿಸಿ. ಎಲ್ಲರನ್ನೂ ಒಂದೇ ಗ್ರೂಪ್‌ಗೆ ಸೇರಿಸಿದ್ರೆ ಅವರ ನಂಬರ್ ಎಲ್ಲರಿಗೂ ಕಾಣುತ್ತೆ, ಬ್ರಾಡ್‌ಕಾಸ್ಟ್ ಲಿಸ್ಟ್ ಬಳಸಿ. ವಾಟ್ಸಾಪ್‌ನಲ್ಲಿ ಟೂ-ಸ್ಟೆಪ್ ವೆರಿಫಿಕೇಷನ್ ಆನ್ ಮಾಡಿ. ನಿಮ್ಮ ಅಕೌಂಟ್ ಕಳ್ಳರ ಕೈಗೆ ಸಿಕ್ಕಿದ್ರೆ ಅವರು ನಿಮ್ಮ ಹೆಸರಲ್ಲೇ ಗ್ರಾಹಕರಿಂದ ಹಣ ಕೇಳ್ತಾರೆ.

ಅಕಸ್ಮಾತ್ ಖಾತೆಯಿಂದ ಹಣ ಹೋದರೆ ನಾಚಿಕೆ ಪಟ್ಟು ಕೂರಬೇಡಿ. ತಕ್ಷಣ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ಕಳ್ಳರು ಹಣ ತೆಗೆಯುವ ಮೊದಲೇ ದೂರು ತಲುಪಿದ್ರೆ ಅದನ್ನು ತಡೆಹಿಡಿಯುವ ಅವಕಾಶ ಹೆಚ್ಚು.

ಈ ವಾರ ಇಷ್ಟು ಮಾಡಿ: ಮೂರನೇ ನಿಯಮವನ್ನು ದೊಡ್ಡದಾಗಿ ಬರೆದು ಪ್ಯಾಕಿಂಗ್ ಮಾಡುವ ಜಾಗದ ಗೋಡೆಗೆ ಅಂಟಿಸಿ. ನಮ್ಮ ಶೆಡ್‌ನಲ್ಲಿ ಅದನ್ನು ಬರೆದು ಅಂಟಿಸಿದವನು ನನ್ನ ತಮ್ಮನೇ.