ಪಾರ್ಥಿಯದ ಬೆಳ್ಳಿ ನಾಣ್ಯಗಳು: ಬಿಂಬ ಮತ್ತು ಬರಹ

ಶಾಸನದಂತೆ ನಾಣ್ಯವೂ ಒಂದು ಪಠ್ಯ. ಕಲ್ಲಿಗಿರುವ ವಿಸ್ತಾರ ಅದಕ್ಕಿಲ್ಲವಾದುದರಿಂದ ಬಿಂಬವನ್ನೂ ಬರಹವನ್ನೂ ಕೂಡಿಸಿ ಓದಬೇಕಾಗುತ್ತದೆ. ಈ ಓದಿಗೆ ಪಾರ್ಥಿಯದ ನಾಣ್ಯಗಳು ಉತ್ತಮ ನಿದರ್ಶನ.

ಪ್ರಾಚೀನ ಭಾರತೀಯ ಗ್ರಂಥಗಳು ಪಹ್ಲವರೆಂದು ಕರೆದ ಪಾರ್ಥಿಯನ್ನರು ಕ್ರಿ.ಪೂ. 3ನೆಯ ಶತಮಾನದ ನಡುಭಾಗದಲ್ಲಿ ತಲೆಯೆತ್ತಿ, ಕ್ರಿ.ಶ. 224ರವರೆಗೆ ಇರಾನಿನಲ್ಲಿ ಆಳಿದರು. ಅವರ ಮುಖ್ಯ ನಾಣ್ಯ ಸುಮಾರು 4 ಗ್ರಾಂ ತೂಕದ ಬೆಳ್ಳಿಯ ದ್ರಖ್ಮ. ಕನ್ನಡ ಶಾಸನಗಳ ‘ದ್ರಮ್ಮ’ ಶಬ್ದದ ಮೂಲವೂ ಗ್ರೀಕಿನ ಈ ಪದವೇ.

ನಾಣ್ಯದ ಮುಮ್ಮುಖದಲ್ಲಿ ಸಾಮಾನ್ಯವಾಗಿ ಎಡಕ್ಕೆ ತಿರುಗಿದ ರಾಜನ ಮುಖವಿರುತ್ತದೆ. ಹಿಮ್ಮುಖದಲ್ಲಿ ಬಿಲ್ಲು ಹಿಡಿದು ಕುಳಿತ ಧನುರ್ಧಾರಿಯಿದ್ದಾನೆ. ಗ್ರೀಕ್ ಮೂಲದ ಸೆಲ್ಯೂಸಿಡ್ ಅರಸರ ನಾಣ್ಯಗಳಲ್ಲಿ ಅಪೊಲೊ ದೇವತೆ ಕುಳಿತಿದ್ದ ಸ್ಥಾನವದು. ಅಲ್ಲಿ ಪಾರ್ಥಿಯನ್ನರು ಅಲೆಮಾರಿ ಸವಾರನ ಉಡುಪಿನ ತಮ್ಮವನನ್ನು ಕೂರಿಸಿದರು.

ಬಿಂಬ ಬದಲಾದರೂ ಭಾಷೆ ಗ್ರೀಕಾಗಿಯೇ ಉಳಿಯಿತು. ಧನುರ್ಧಾರಿಯ ಸುತ್ತಲಿನ ಬಿರುದಾವಳಿಯಲ್ಲಿ ಅರಸನು ರಾಜಾಧಿರಾಜ, ಉಪಕಾರಿ, ನ್ಯಾಯವಂತ, ಗ್ರೀಕರ ಮಿತ್ರ. ಹೆಸರು ಮಾತ್ರ ಬಹುಮಟ್ಟಿಗೆ ಒಂದೇ: ವಂಶಸ್ಥಾಪಕನ ‘ಅರ್ಸಾಕಿಸ್’. ಹೀಗಾಗಿ ಯಾವ ನಾಣ್ಯ ಯಾವ ಅರಸನದೆಂಬುದನ್ನು ಗಡ್ಡ, ಕಿರೀಟ, ಮುಖಲಕ್ಷಣಗಳಿಂದ ನಿರ್ಣಯಿಸಬೇಕಾಗುತ್ತದೆ. ಎರಡನೆಯ ಒರೋಡಿಸನ ನಾಣ್ಯಗಳಲ್ಲಿ ಹಣೆಯ ನರಹುಲಿಯನ್ನೂ ಟಂಕಿಸಲಾಗಿದೆ.

ಕಾಲಕ್ರಮದಲ್ಲಿ ಗ್ರೀಕ್ ಅಕ್ಷರಗಳು ಕೆಟ್ಟವು. ಅಚ್ಚು ಕೊರೆಯುವವನು ಅರ್ಥವರಿಯದೆ ಆಕಾರವನ್ನಷ್ಟೇ ನಕಲು ಮಾಡಿದಂತೆ, ಬಿರುದುಗಳು ಕ್ರಮೇಣ ಗೆರೆಗಳ ಅಲಂಕಾರವಾದವು. ಆ ಹೊತ್ತಿನಲ್ಲೇ, ಕ್ರಿ.ಶ. 1ನೆಯ ಶತಮಾನದ ಮೊದಲನೆಯ ವೊಲೊಗೇಸಸನ ನಾಣ್ಯಗಳಲ್ಲಿ, ಅರಾಮಿಕ್ ಮೂಲದ ಪಾರ್ಥಿಯನ್ ಲಿಪಿಯ ಎರಡು ಅಕ್ಷರಗಳು ಕಾಣಿಸಿಕೊಂಡವು. ಅವು ಅವನ ಹೆಸರಿನ ಮೊದಲ ಅಕ್ಷರಗಳು. 2ನೆಯ ಶತಮಾನದ ನಾಲ್ಕನೆಯ ಮಿಥ್ರಡೇಟಿಸನ ದ್ರಖ್ಮಗಳಲ್ಲಿ ‘ಮಿಥ್ರಡೇಟಿಸ್ ರಾಜ’ ಎಂಬ ಬರಹವೇ ಆ ಲಿಪಿಯಲ್ಲಿದೆ. ಗ್ರೀಕಿನಲ್ಲಿ ವಂಶನಾಮದ ಹಿಂದೆ ಮರೆಯಾಗಿದ್ದ ಅರಸನ ಸ್ವಂತ ಹೆಸರು ನಾಡಿನ ಲಿಪಿಯಲ್ಲಿ ಹೊರಬಂದಿತು.

ರಾಜಮನ್ನಣೆಯೊಂದೇ ಭಾಷೆಯನ್ನು ಉಳಿಸಲಾರದು ಎಂಬುದಕ್ಕೆ ಈ ನಾಣ್ಯಗಳು ಸಾಕ್ಷಿ. ಸುಮಾರು ಮೂರು ಶತಮಾನಗಳ ಗೌರವವಿದ್ದರೂ, ಓದುವವರು ಇಲ್ಲವಾದಾಗ ಗ್ರೀಕ್ ಬರಹ ಬರಿಯ ಗೆರೆಯಾಯಿತು. ಆದುದರಿಂದ ನಾಣ್ಯವನ್ನು ಅಭ್ಯಸಿಸುವವರು ಅದರಲ್ಲಿ ಏನು ಬರೆದಿದೆ ಎಂಬುದರ ಜೊತೆಗೆ, ಆ ಬರಹವನ್ನು ಬಲ್ಲವರು ಆಗ ಇದ್ದರೇ ಎಂಬ ಪ್ರಶ್ನೆಯನ್ನೂ ಕೇಳಿಕೊಳ್ಳಬೇಕು.