ಹಳೆಯ ಲಾರಿಯ ಖರೀದಿ ಮತ್ತು ದುರಸ್ತಿ: ನಿಜವಾದ ಬೆಲೆಯ ಲೆಕ್ಕಾಚಾರ

ಪುಣೆ–ಹೈದರಾಬಾದ್ ರಾಷ್ಟ್ರೀಯ ಹೆದ್ದಾರಿಯು ಬೀದರ್ ಜಿಲ್ಲೆಯಲ್ಲಿ ಹುಮನಾಬಾದ್, ರಾಜೇಶ್ವರ ಮತ್ತು ಸಸ್ತಾಪುರ ಬಂಗ್ಲಾಗಳನ್ನು ಹಾದು ಸಾಗುತ್ತದೆ. ಹಿಂದೆ 9 ಎಂಬ ಸಂಖ್ಯೆ ಹೊಂದಿದ್ದ ಈ ಹೆದ್ದಾರಿಗೆ ಈಗ 65ನೆಯ ಸಂಖ್ಯೆ. ಬಸವಕಲ್ಯಾಣಕ್ಕೆ ತಿರುಗುವ ದಾರಿಯ ಆಸುಪಾಸಿನ ಆಟೋ ನಗರವು ಲಾರಿಗಳ ಬಾಡಿ ಕಟ್ಟುವ, ಎಂಜಿನ್ ಬಿಚ್ಚಿ ಜೋಡಿಸುವ ಹಾಗೂ ಹಳೆಯ ಲಾರಿಗಳನ್ನು ಕೊಂಡು ಮಾರುವ ವೃತ್ತಿಗಳಿಗೆ ಹೆಸರಾಗಿದೆ. ಕೈಯಳತೆಯಲ್ಲಿಯೇ ಇಂತಹ ಪೇಟೆಯಿರುವುದರಿಂದ ಈ ಭಾಗದ ದಾಲ್ ಮಿಲ್ ಮಾಲೀಕರಿಗೂ, ಸಣ್ಣ ತಯಾರಕರಿಗೂ ವರ್ಷಗಟ್ಟಲೆ ನಿಂತಲ್ಲೇ ನಿಂತ ಲಾರಿಯೊಂದನ್ನು ಅಗ್ಗಕ್ಕೆ ಪಡೆದು, ಸರಿಪಡಿಸಿ, ಸ್ವಂತ ಸರಕಿಗೆ ಬಳಸುವ ವಿಚಾರ ಬರುವುದು ಸಹಜ.

ಈ ವಿಚಾರ ತಪ್ಪೇನಲ್ಲ. ಆದರೆ ಮಾರಾಟಗಾರನಿಗೆ ಕೊಡುವ ಹಣವನ್ನೇ ಲಾರಿಯ ಬೆಲೆಯೆಂದು ಭಾವಿಸಿದಲ್ಲಿ ಉದ್ಯಮದ ದುಡಿಯುವ ಬಂಡವಾಳವೇ ಗ್ಯಾರೇಜಿನಲ್ಲಿ ಸಿಲುಕುವ ಸಂಭವವುಂಟು. ಲಾರಿಯು ದುರಸ್ತಿಗೊಂಡು, ಕಾಗದಪತ್ರಗಳು ಕೊಂಡವರ ಹೆಸರಿಗೆ ಬದಲಾಗಿ, ಮೊದಲ ಹೊರೆಯನ್ನು ಹೊತ್ತು ಹೊರಡುವ ದಿನದವರೆಗೆ ಆಗುವ ಒಟ್ಟು ವೆಚ್ಚವೇ ಅದರ ನಿಜವಾದ ಬೆಲೆ. ಈ ಮೊತ್ತವನ್ನು ಮುಂಗಡ ಕೊಡುವ ಮೊದಲೇ ಅಂದಾಜು ಮಾಡತಕ್ಕದ್ದು.

ಖರೀದಿಗೆ ಮುನ್ನ ಪರೀಕ್ಷೆ

ಕರಾವಳಿಯಲ್ಲಿ ಹಳೆಯ ದೋಣಿಯನ್ನು ಕೊಳ್ಳುವವರು ಮೊದಲು ಅದರ ತಳದ ಮರವನ್ನು ನೋಡುತ್ತಾರೆ. ಲಾರಿಯಲ್ಲಿ ಆ ಸ್ಥಾನ ಚಾಸಿಗಿದೆ. ಎಂಜಿನ್, ಗೇರ್ ಬಾಕ್ಸ್, ಟೈರುಗಳನ್ನು ಬದಲಾಯಿಸಬಹುದು. ಬಿರುಕು ಬಿಟ್ಟ ಅಥವಾ ಅಪಘಾತದಲ್ಲಿ ಬಾಗಿದ ಚಾಸಿಯನ್ನು ನಂಬಿ ಭಾರ ಹೇರಲಾಗದು. ಆದ್ದರಿಂದ ಚಾಸಿಯಲ್ಲಿ ವೆಲ್ಡಿಂಗ್ ಗುರುತುಗಳಿವೆಯೇ, ಟೈರುಗಳು ಒಂದೇ ಬದಿಗೆ ಸವೆದಿವೆಯೇ, ಕ್ಯಾಬಿನ್ನಿನ ತಳ ತುಕ್ಕು ಹಿಡಿದಿದೆಯೇ ಎಂಬುದನ್ನು ಹಗಲು ಬೆಳಕಿನಲ್ಲಿ ನೋಡಬೇಕು. ಎಂಜಿನ್ನನ್ನು ಅದು ಪೂರ್ಣ ತಣ್ಣಗಿರುವಾಗ ಚಾಲೂ ಮಾಡಿಸಬೇಕು. ಹೊಸದಾಗಿ ಬಣ್ಣ ಬಳಿದ ಹಳೆಯ ಲಾರಿಯನ್ನು ಇನ್ನಷ್ಟು ಎಚ್ಚರದಿಂದ ಪರೀಕ್ಷಿಸತಕ್ಕದ್ದು. ಮಾರಾಟಗಾರನಿಗೆ ಸಂಬಂಧಪಡದ ಮೆಕ್ಯಾನಿಕ್‌ಗೆ ಸಂಭಾವನೆ ಕೊಟ್ಟು ಬಾಬುವಾರು ಲಿಖಿತ ಅಂದಾಜು ಪಡೆಯುವುದು ಒಳಿತು.

ಕಾಗದಪತ್ರಗಳು

ಚಾಸಿ ಮತ್ತು ಎಂಜಿನ್ ಸಂಖ್ಯೆಗಳು ಆರ್.ಸಿ.ಯಲ್ಲಿರುವ ಸಂಖ್ಯೆಗಳೊಂದಿಗೆ ಹೊಂದಬೇಕು. ಲಾರಿಯ ಮೇಲೆ ಸಾಲದ ನಮೂದು ಇದ್ದಲ್ಲಿ ಸಾಲ ಕೊಟ್ಟ ಸಂಸ್ಥೆಯಿಂದ ನಮೂನೆ 35 ಹಾಗೂ ತೀರುವಳಿ ಪತ್ರ ದೊರೆಯದೆ ವ್ಯವಹಾರ ಮುಗಿಸಬಾರದು. ತೆರಿಗೆ ಬಾಕಿ ಮತ್ತು ಇ-ಚಲನ್ ದಂಡಗಳ ವಿವರವನ್ನೂ ಪರಿಶೀಲಿಸಬೇಕು.

ಹೆಸರು ವರ್ಗಾವಣೆಗೆ ನಮೂನೆ 29 ಮತ್ತು 30 ಅಗತ್ಯ. ಮೋಟಾರು ವಾಹನ ಕಾಯ್ದೆಯ 50ನೆಯ ಪ್ರಕರಣದಂತೆ, ಅದೇ ರಾಜ್ಯದೊಳಗಿನ ಮಾರಾಟವನ್ನು ಮಾರುವವರು 14 ದಿನಗಳಲ್ಲಿ, ಕೊಳ್ಳುವವರು 30 ದಿನಗಳಲ್ಲಿ ತಿಳಿಸತಕ್ಕದ್ದು. ಬೀದರ್ ಗಡಿ ಜಿಲ್ಲೆಯಾದ್ದರಿಂದ ಮಹಾರಾಷ್ಟ್ರ ಮತ್ತು ತೆಲಂಗಾಣ ನೋಂದಣಿಯ ಲಾರಿಗಳೂ ಮಾರಾಟಕ್ಕೆ ಬರುತ್ತವೆ. ಅಂತಹ ಲಾರಿಗೆ ಮೂಲ ಕಚೇರಿಯಿಂದ ನಮೂನೆ 28ರ ನಿರಾಕ್ಷೇಪಣಾ ಪತ್ರ ಬೇಕು. ಇಲ್ಲಿನ ತೆರಿಗೆ ಮತ್ತು ಮರುನೋಂದಣಿಯ ವೆಚ್ಚವನ್ನೂ ಅಂದಾಜಿಗೆ ಸೇರಿಸಬೇಕು.

ತಮ್ಮ ಹಳೆಯ ಲಾರಿಯನ್ನು ಮಾರುವ ಉದ್ಯಮಿಗಳಿಗೂ ಇದು ಅಷ್ಟೇ ಮುಖ್ಯ. ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಪ್ರಕರಣದಲ್ಲಿ 2018ರಲ್ಲಿ ಸರ್ವೋಚ್ಚ ನ್ಯಾಯಾಲಯವು, ವಾಹನವು ಹಲವು ಕೈ ಬದಲಾಗಿದ್ದರೂ ನೋಂದಣಿ ದಾಖಲೆಯಲ್ಲಿ ಹೆಸರಿರುವವರನ್ನೇ ಮಾಲೀಕರೆಂದು ಪರಿಗಣಿಸಿ ಅಪಘಾತ ಪರಿಹಾರದ ಹೊಣೆ ಹೊರಿಸಿತು. ಸಹಿ ಮಾಡಿದ ಖಾಲಿ ನಮೂನೆಗಳನ್ನು ಕೊಟ್ಟು ಹಣ ಪಡೆದಾಕ್ಷಣ ಹೊಣೆ ತೀರಿತೆಂದು ತಿಳಿಯುವುದು ಅಪಾಯಕರ. ಕೊಂಡವರು ವಿಮೆಯನ್ನೂ ತಡಮಾಡದೆ ತಮ್ಮ ಹೆಸರಿಗೆ ಬದಲಾಯಿಸಿಕೊಳ್ಳಬೇಕು. ಇಲ್ಲವಾದಲ್ಲಿ ಲಾರಿಗೇ ಆದ ಹಾನಿಯ ಪರಿಹಾರ ನಿರಾಕೃತವಾಗಬಹುದು.

ಅರ್ಹತಾ ಪತ್ರ

ಎಫ್.ಸಿ. ಎಂದು ರೂಢಿಯಲ್ಲಿರುವ ಅರ್ಹತಾ ಪತ್ರವನ್ನು ಸಾರಿಗೆ ವಾಹನಗಳಿಗೆ ಎಂಟು ವರ್ಷಗಳವರೆಗೆ ಎರಡು ವರ್ಷಕ್ಕೊಮ್ಮೆ, ಆನಂತರ ಪ್ರತಿ ವರ್ಷ ನವೀಕರಿಸಬೇಕು. 15 ವರ್ಷ ಮೀರಿದ ಭಾರಿ ಸರಕು ವಾಹನದ ನವೀಕರಣ ಶುಲ್ಕವನ್ನು 2022ರ ಏಪ್ರಿಲ್ 1ರಿಂದ ರೂ. 12,500ಕ್ಕೆ ಏರಿಸಲಾಯಿತು. ಆ ಬಳಿಕವೂ ದರಗಳು ಪರಿಷ್ಕರಣೆಗೊಂಡಿರುವುದರಿಂದ ಖರೀದಿಯ ದಿನದ ದರವನ್ನು ಸಾರಿಗೆ ಕಚೇರಿಯಲ್ಲಿ ವಿಚಾರಿಸಿಕೊಳ್ಳುವುದು ಕ್ಷೇಮ. 14 ವರ್ಷದ ಲಾರಿ 10 ವರ್ಷದ್ದಕ್ಕಿಂತ ಅಗ್ಗವಾಗಿ ಕಂಡರೂ ಮರುವರ್ಷದಿಂದಲೇ ಅದರ ಖರ್ಚು ಹೆಚ್ಚುತ್ತದೆ.

ಒಂದು ಉದಾಹರಣೆ

ದಾಲ್ ಮಿಲ್ ಮಾಲೀಕರೊಬ್ಬರು 11 ವರ್ಷದ ಆರು ಚಕ್ರದ ಲಾರಿಯನ್ನು ರೂ. 4,00,000ಕ್ಕೆ ಕೊಳ್ಳುತ್ತಾರೆಂದು ಭಾವಿಸೋಣ. ಕೆಳಗಿನ ಅಂಕಿಗಳು ಲೆಕ್ಕದ ಕ್ರಮವನ್ನು ತೋರಿಸಲು ಕಲ್ಪಿಸಿದವು.

1. ಖರೀದಿ ಬೆಲೆ: ರೂ. 4,00,000
2. ಎಂಜಿನ್, ಗೇರ್ ಬಾಕ್ಸ್, ಬ್ರೇಕ್, ಟೈರು, ಬಾಡಿ, ವಿದ್ಯುತ್ ಕೆಲಸ, ಬಣ್ಣ: ರೂ. 3,60,000
3. ಹೆಸರು ವರ್ಗಾವಣೆ ಮತ್ತು ಹಿಂದಿನ ಬಾಕಿ: ರೂ. 30,000
4. ಮೊದಲ ವರ್ಷದ ವಿಮೆ, ತೆರಿಗೆ, ಎಫ್.ಸಿ.: ರೂ. 45,000
5. ಬಿಚ್ಚಿದ ನಂತರ ಕಾಣುವ ದೋಷಗಳಿಗೆ ಮೀಸಲು, ದುರಸ್ತಿಯ ಶೇ. 15: ರೂ. 54,000
6. ದುರಸ್ತಿಯ ಎರಡು ತಿಂಗಳಿಗೆ ಖರೀದಿ ಹಣದ ಬಡ್ಡಿ, ಶೇ. 12ರಂತೆ: ರೂ. 8,000

ಒಟ್ಟು ರೂ. 8,97,000. ನಾಲ್ಕು ಲಕ್ಷದ ಲಾರಿ ರಸ್ತೆಗಿಳಿಯುವಷ್ಟರಲ್ಲಿ ಒಂಬತ್ತು ಲಕ್ಷದ ಸಮೀಪ ಬಂದಿತು.

ಇನ್ನು ಲಾಭದ ಪ್ರಶ್ನೆ. ವರ್ಷದ ಖರ್ಚಾದ ರೂ. 45,000ವನ್ನು ಬಿಟ್ಟರೆ ಲಾರಿಯ ಮೇಲೆ ತೊಡಗಿಸಿದ್ದು ರೂ. 8,52,000. ನಾಲ್ಕು ವರ್ಷಗಳ ನಂತರ ಅದು ರೂ. 2,50,000ಕ್ಕೆ ಮಾರಾಟವಾಗುವುದೆಂದರೆ ಉಳಿದ ರೂ. 6,02,000ವನ್ನು 48 ತಿಂಗಳಲ್ಲಿ ಗಳಿಸಬೇಕು. ಅಂದರೆ ತಿಂಗಳಿಗೆ ಸುಮಾರು ರೂ. 12,540.

ಸುಮಾರು 100 ಕಿಲೋಮೀಟರ್ ದೂರದ ಪೇಟೆಗೆ ಬಾಡಿಗೆ ಲಾರಿಗೆ ಒಂದು ಟ್ರಿಪ್ಪಿಗೆ ರೂ. 9,000 ಕೊಡಬೇಕಾಗಿದ್ದು, ಸ್ವಂತ ಲಾರಿಗೆ ಡೀಸೆಲ್ ಮತ್ತು ಟೋಲ್ ಸೇರಿ ರೂ. 4,500 ತಗಲುವುದೆಂದು ಇಟ್ಟುಕೊಂಡರೆ ಪ್ರತಿ ಟ್ರಿಪ್ಪಿನ ಉಳಿತಾಯ ರೂ. 4,500. ಚಾಲಕ ಮತ್ತು ಕ್ಲೀನರ್ ಸಂಬಳ ರೂ. 22,000, ನಿರ್ವಹಣೆ ರೂ. 8,000, ವಿಮೆ ಮುಂತಾದವುಗಳ ತಿಂಗಳ ಪಾಲು ರೂ. 3,750 ಸೇರಿ ತಿಂಗಳ ಸ್ಥಿರ ಖರ್ಚು ರೂ. 33,750. ಹತ್ತು ಟ್ರಿಪ್ಪುಗಳಾದಲ್ಲಿ ಉಳಿಯುವುದು ರೂ. 11,250, ಬೇಕಾದದ್ದಕ್ಕಿಂತ ಕಡಿಮೆ. ಹನ್ನೊಂದು ಟ್ರಿಪ್ಪುಗಳಾದಲ್ಲಿ ಉಳಿಯುವುದು ರೂ. 15,750, ಲಾಭದಾಯಕ. ಹೀಗೆ ಇಡೀ ತೀರ್ಮಾನವು ತಿಂಗಳಿಗೊಂದು ಟ್ರಿಪ್ಪಿನ ಮೇಲೆ ನಿಂತಿದೆ. ಸುಗ್ಗಿಯ ನಾಲ್ಕು ತಿಂಗಳು ಮಾತ್ರ ಸರಕಿರುವವರು ವರ್ಷದ ಸರಾಸರಿಯನ್ನೇ ಹಿಡಿಯತಕ್ಕದ್ದು.

ಲೆಕ್ಕಪತ್ರ ಮತ್ತು ತೆರಿಗೆ

ಬಳಕೆಗೆ ತರುವ ಮೊದಲು ಮಾಡಿದ ದುರಸ್ತಿಯು ಬಂಡವಾಳ ವೆಚ್ಚವಾಗಿದ್ದು ಲಾರಿಯ ಬೆಲೆಗೆ ಸೇರುತ್ತದೆ. ಅದನ್ನು ದುರಸ್ತಿ ಖಾತೆಗೆ ಬರೆದು ಅದೇ ವರ್ಷ ಕಳೆಯುವಂತಿಲ್ಲ. ಆದಾಯ ತೆರಿಗೆಯ ಲೆಕ್ಕದಲ್ಲಿ, ಖರೀದಿಯ ಸಾಲಕ್ಕೆ ಬಳಕೆಯ ದಿನದವರೆಗೆ ತೆತ್ತ ಬಡ್ಡಿಯೂ ಹಾಗೆಯೇ. ಮೇಲಿನ ಖರೀದಿ ಸಾಲದಿಂದಲೇ ಆಗಿದ್ದರೆ 1, 2, 3 ಮತ್ತು 6ನೆಯ ಬಾಬುಗಳು ಸೇರಿ ರೂ. 7,98,000 ಆಸ್ತಿಯ ಬೆಲೆಯಾಗುತ್ತದೆ. ಮೀಸಲಿನಲ್ಲಿ ವಾಸ್ತವವಾಗಿ ಖರ್ಚಾದಷ್ಟನ್ನು ಮಾತ್ರ ಕೂಡಿಸಬೇಕು. ಸ್ವಂತ ಸರಕಿಗೆ ಬಳಸುವ ಲಾರಿಗೆ ಸವಕಳಿ ಶೇ. 15, ಬಾಡಿಗೆಗೆ ಓಡಿಸುವ ವೃತ್ತಿಯಲ್ಲಿ ಶೇ. 30. ಖರೀದಿಯ ವರ್ಷದಲ್ಲಿ 180 ದಿನಗಳಿಗಿಂತ ಕಡಿಮೆ ಬಳಸಿದ್ದರೆ ಅದರ ಅರ್ಧ ಮಾತ್ರ.

ಆಸ್ತಿ ಖರೀದಿಗಾಗಿ ಒಬ್ಬರಿಗೆ ಒಂದು ದಿನದಲ್ಲಿ ರೂ. 10,000ಕ್ಕಿಂತ ಹೆಚ್ಚು ನಗದು ಕೊಟ್ಟಲ್ಲಿ ಆ ಮೊತ್ತವು ಸವಕಳಿಯ ಲೆಕ್ಕಕ್ಕೆ ಬಾರದು. ಆದ್ದರಿಂದ ಮಾರಾಟಗಾರನಿಗೂ ಗ್ಯಾರೇಜಿಗೂ ಬ್ಯಾಂಕಿನ ಮೂಲಕವೇ ಪಾವತಿ ಮಾಡಿ, ಬಿಲ್ಲುಗಳನ್ನು ಲಾರಿಯ ಸಂಖ್ಯೆ ಸಹಿತ ಪಡೆಯತಕ್ಕದ್ದು.

ಜಿ.ಎಸ್.ಟಿ. ನೋಂದಣಿಯುಳ್ಳವರು ಹಳೆಯ ವಾಹನವನ್ನು ಮಾರಿದಾಗ, ಅದರ ಮೇಲೆ ಹೂಡುವಳಿ ತೆರಿಗೆ ಜಮೆ ಪಡೆದಿರದಿದ್ದಲ್ಲಿ, ಲಾಭಾಂಶದ ಮೇಲೆ ಮಾತ್ರ ತೆರಿಗೆ ತೆರಬಹುದು. 2025ರ ಜನವರಿ 16ರಿಂದ ಇದರ ದರ ಶೇ. 18. ಸವಕಳಿ ಪಡೆದವರಿಗೆ ಮಾರಾಟ ಬೆಲೆಯಿಂದ ಸವಕಳಿ ಕಳೆದ ಮೌಲ್ಯವನ್ನು ಕಳೆದರೆ ಉಳಿಯುವುದೇ ಲಾಭಾಂಶ. ಅದು ಋಣಾತ್ಮಕವಾದಲ್ಲಿ ತೆರಿಗೆಯಿಲ್ಲ. ಇನ್ನೊಂದೆಡೆ, ಹೊಸ ಸರಕು ವಾಹನಗಳ ತೆರಿಗೆ 2025ರ ಸೆಪ್ಟೆಂಬರ್ 22ರಿಂದ ಶೇ. 28ರಿಂದ 18ಕ್ಕೆ ಇಳಿದಿದೆ. ಹೊಸದರ ಬೆಲೆ ಇಳಿದ ಮೇಲೆ ಹಳೆಯದಕ್ಕೆ ಹಿಂದಿನ ದರವನ್ನೇ ಕೊಡಲು ಕಾರಣವಿಲ್ಲ.

ಕೈಬಿಡುವ ಮಿತಿ

ಲಾರಿಯನ್ನು ನೋಡಲು ಹೋಗುವ ಮೊದಲೇ ಒಟ್ಟು ವೆಚ್ಚದ ಮೇಲ್ಮಿತಿಯನ್ನು ಬರೆದಿಡಬೇಕು. ಮೆಕ್ಯಾನಿಕ್ ಕೊಟ್ಟ ಅಂದಾಜು, ಕಾಗದಪತ್ರದ ಖರ್ಚು ಮತ್ತು ಮೀಸಲನ್ನು ಆ ಮಿತಿಯಿಂದ ಕಳೆದಾಗ ಉಳಿಯುವುದೇ ಮಾರಾಟಗಾರನಿಗೆ ಕೊಡಬಹುದಾದ ಗರಿಷ್ಠ ಬೆಲೆ. ಬೆಲೆಯನ್ನು ಮೊದಲು ಒಪ್ಪಿ ದುರಸ್ತಿಯನ್ನು ನಂತರ ಯೋಚಿಸಿದರೆ, ಎಂಜಿನ್ ಬಿಚ್ಚಿದ ಮೇಲೆ ಹಿಂದೆ ಸರಿಯುವ ಮಾರ್ಗವಿರುವುದಿಲ್ಲ. ಹಾಕಿದ ಹಣ ಉಳಿಸಿಕೊಳ್ಳಲು ಮತ್ತಷ್ಟು ಹಣ ಹಾಕಬೇಕಾಗುತ್ತದೆ.

ಸ್ವಂತ ಅಂಗಳದಲ್ಲಿಯೇ ಲಾರಿ ನಿಂತಿದ್ದು ಅದರ ದುರಸ್ತಿ ಈ ಲೆಕ್ಕಕ್ಕೆ ಕೂಡಿಬರದಿದ್ದಲ್ಲಿ, ಅದನ್ನು ನೋಂದಾಯಿತ ವಾಹನ ಗುಜರಿ ಕೇಂದ್ರಕ್ಕೆ ಒಪ್ಪಿಸಿ ಠೇವಣಿ ಪ್ರಮಾಣಪತ್ರ ಪಡೆಯಬಹುದು. ಹೊಸ ಸಾರಿಗೆ ವಾಹನದ ಮೋಟಾರು ತೆರಿಗೆಯಲ್ಲಿ ಈ ಪತ್ರಕ್ಕೆ ಗರಿಷ್ಠ ಶೇ. 15ರವರೆಗೆ ರಿಯಾಯಿತಿ ನೀಡಲು ಕೇಂದ್ರದ ನಿಯಮಗಳಲ್ಲಿ ಅವಕಾಶವಿದೆ. ನೋಂದಣಿ ರದ್ದಾಗದೆ ಬಿಡಿಬಿಡಿಯಾಗಿ ಮಾರಿದ ಲಾರಿಯ ಹೊಣೆ ಮಾತ್ರ ದಾಖಲೆಯಲ್ಲಿರುವ ಮಾಲೀಕರ ಮೇಲೆಯೇ ಉಳಿಯುತ್ತದೆ.

ಆಟೋ ನಗರದ ಕುಶಲಕರ್ಮಿಗಳ ಕೈಯಲ್ಲಿ ಹಳೆಯ ಲಾರಿ ಮತ್ತೆ ಹಲವು ವರ್ಷ ದುಡಿಯಬಲ್ಲದು. ಆ ದುಡಿಮೆಯ ಫಲ ಮಾಲೀಕರಿಗೆ ಸಲ್ಲಬೇಕಾದಲ್ಲಿ ಮೇಲಿನ ಆರು ಬಾಬುಗಳನ್ನು ಒಂದು ಹಾಳೆಯ ಮೇಲೆ ಬರೆದು ಕೂಡಿಸಿದ ನಂತರವೇ ಮುಂಗಡ ಕೊಡತಕ್ಕದ್ದು.