ಮೂರರಲ್ಲಿ ಯಾವುದನ್ನು ಬರೆಯಲಿ?

ಪ್ರಶ್ನೆ: ನಾನು ಪ್ರೌಢಶಾಲೆಯ ಶಿಕ್ಷಕಿ. ಎರಡು ಕಾದಂಬರಿ ಪ್ರಕಟವಾಗಿವೆ. ಮೂರನೆಯದು ಮಾತ್ರ ಎರಡು ವರ್ಷದಿಂದ ಮುಂದಕ್ಕೇ ಹೋಗುತ್ತಿಲ್ಲ. ಶರಾವತಿ ಮುಳುಗಡೆಯ ಮೇಲೆ ದೊಡ್ಡ ಕಾದಂಬರಿ ಬರೆಯುವ ಆಸೆಯಿದೆ. ಅಜ್ಜಿಯ ಮನೆ ಲಿಂಗನಮಕ್ಕಿ ಹಿನ್ನೀರಿನಡಿ ಹೋಯಿತು. ಟಿಪ್ಪಣಿಗಳಿಂದ ನೋಟ್‌ಬುಕ್‌ಗಳು ತುಂಬಿವೆ. ಆದರೆ ನಾ. ಡಿಸೋಜ ಅವರು ಬರೆದ ಮೇಲೆ ನನಗೇನು ಉಳಿದಿದೆ? ಪ್ರಕಾಶಕರು ಮೊದಲ ಕಾದಂಬರಿಯ ಮುಂದಿನ ಭಾಗ ಕೇಳುತ್ತಿದ್ದಾರೆ. ಇದರ ನಡುವೆ ಒಂದು ಸಣ್ಣ ಕಥೆ ತಲೆಗೆ ಹೊಕ್ಕಿದೆ. ದಾವಣಗೆರೆಯಲ್ಲಿ ಖಾನಾವಳಿ ನಡೆಸುವ ಅಕ್ಕ, ತಂಗಿ. ಅಕ್ಕ ಒಲೆಯ ಮುಂದೆ, ತಂಗಿ ಗಲ್ಲಾದಲ್ಲಿ. ತಂಗಿ ದಿನಾ ರಾತ್ರಿ ಲೆಕ್ಕದಿಂದ ಹತ್ತು ರೂಪಾಯಿ ತೆಗೆದು ರೊಟ್ಟಿ ಡಬ್ಬಿಯ ಕೆಳಗಿಡುತ್ತಾಳೆ, ಯಾಕೆಂದು ನನಗೂ ಗೊತ್ತಿಲ್ಲ. ಅಕ್ಕ ನೋಡಿದ್ದಾಳೆ, ಕೇಳುವುದಿಲ್ಲ. ಯಾವುದನ್ನು ಹಿಡಿದರೂ ನಲವತ್ತು ಪುಟವಾಗುವಷ್ಟರಲ್ಲಿ ಇನ್ನೊಂದು ಕರೆಯುತ್ತದೆ. ಏನು ಮಾಡಲಿ?

ಹೆಸರು ಬೇಡ, ಶಿವಮೊಗ್ಗ ಜಿಲ್ಲೆ

ಉತ್ತರ: ಖಾನಾವಳಿಯ ಕಥೆಯನ್ನು ಬರೆಯಿರಿ.

ನಿಮ್ಮ ಪತ್ರವನ್ನೇ ಮತ್ತೊಮ್ಮೆ ಓದಿ ನೋಡಿ. ಮುಳುಗಡೆಯ ಸಾಲುಗಳಲ್ಲಿ ಮನೆಯಿದೆ, ಟಿಪ್ಪಣಿಗಳಿವೆ, ಹಿರಿಯ ಲೇಖಕರೊಬ್ಬರ ಭಯವಿದೆ. ಕಥೆಯೊಳಗೆ ಓಡಾಡುವ ಒಬ್ಬ ಮನುಷ್ಯನೂ ಇಲ್ಲ. ಖಾನಾವಳಿಗೆ ಬರುತ್ತಲೇ ಇಬ್ಬರು ಹೆಂಗಸರು ಎದ್ದು ನಿಂತರು, ಅವರ ನಡುವೆ ಆಡದ ಮಾತೊಂದು ಬಂತು. ಆ ಹತ್ತು ರೂಪಾಯಿ ಯಾಕೆಂದು ತಿಳಿಯುವ ತವಕ ನಿಮಗಿದೆ. ಬೆಳಗಿನ ಜಾವ, ಶಾಲೆಗೆ ಹೊರಡುವ ಮುಂಚಿನ ಒಂದೆರಡು ಗಂಟೆಯಲ್ಲಿ ಬರೆಯುವವರನ್ನು ಅಂಥ ತವಕ ಮಾತ್ರ ತಿಂಗಳುಗಟ್ಟಲೆ ಎಬ್ಬಿಸುತ್ತದೆ. ವಿಷಯ ದೊಡ್ಡದೆಂಬ ಗೌರವ ಅಷ್ಟು ದೂರ ನಡೆಸುವುದಿಲ್ಲ.

ನಲವತ್ತು ಪುಟದ ಮಾತಿಗೆ ಬರುತ್ತೇನೆ, ಯಾಕೆಂದರೆ ನಿಮ್ಮ ನಿಜವಾದ ತೊಡಕು ಇರುವುದು ಅಲ್ಲಿಯೇ. ಅಲ್ಲಿಯವರೆಗೆ ಊರು, ಮನೆ, ಜನರನ್ನು ಪರಿಚಯಿಸುವ ಸುಖವಿರುತ್ತದೆ. ಆಮೇಲೆ ಪಾತ್ರಗಳು ಏನಾದರೂ ಮಾಡಬೇಕು, ಮಾಡಿದ್ದಕ್ಕೆ ಬೆಲೆ ತೆರಬೇಕು. ಬರವಣಿಗೆ ಕುಂಟುವುದು ಆಗ. ಕೈಯಲ್ಲಿರುವುದು ಸಪ್ಪೆಯಾಗಿ, ಬರೆಯದೇ ಇರುವುದು ಹೊಳೆಯತೊಡಗುತ್ತದೆ. ಖಾನಾವಳಿಯೂ ನಲವತ್ತನೇ ಪುಟದಲ್ಲಿ ಹೀಗೆಯೇ ಸತಾಯಿಸುತ್ತದೆಂದು ಈಗಲೇ ತಿಳಿದುಕೊಂಡು ಹೊರಡಿ. ಇನ್ನೊಂದು ಮಾತು: ಮೊದಲ ಅಧ್ಯಾಯದಿಂದ ಶುರು ಮಾಡಬೇಡಿ. ಅಕ್ಕ ಬಾಯಿಬಿಟ್ಟು ದುಡ್ಡಿನ ಮಾತೆತ್ತುವ ರಾತ್ರಿಯನ್ನು ಮೊದಲು ಬರೆಯಿರಿ. ಆ ರಾತ್ರಿಯ ಹಿಂದೆ ಮುಂದೆ ಏನೇನು ಬೇಕೆಂದು ಆ ದೃಶ್ಯವೇ ಕೇಳುತ್ತಾ ಹೋಗುತ್ತದೆ. ಬರೆದ ಮೇಲೂ ಇಬ್ಬರೂ ಮಂಕಾಗಿಯೇ ಉಳಿದರೆ ನನ್ನ ಸಲಹೆ ತಪ್ಪೆಂದು ತಿಳಿದು ಕೈಬಿಡಿ. ಎರಡು ವಾರ ಹೋದೀತು, ಎರಡು ವರ್ಷವಲ್ಲ.

ಹಾಗೆಂದು ಶರಾವತಿಯನ್ನು ಮೂಲೆಗಿಡಲು ನಾನು ಹೇಳುತ್ತಿಲ್ಲ. ಅಲ್ಲಿ ಅವಸರದ ಕೆಲಸವೊಂದಿದೆ, ಆದರೆ ಅದು ಕಾದಂಬರಿಯಲ್ಲ. ಲಿಂಗನಮಕ್ಕಿ ಅಣೆಕಟ್ಟು 1964ರದು. ಆಗ ಇಪ್ಪತ್ತರ ಹರೆಯದಲ್ಲಿದ್ದವರು ಈಗ ಎಂಬತ್ತು ದಾಟಿದ್ದಾರೆ. ಲಾರಿಗೆ ಸಾಮಾನು ಹೇರಿದ್ದು, ದೇವರನ್ನು ಏನು ಮಾಡಿದರು, ದನಗಳನ್ನು ಯಾರಿಗೆ ಕೊಟ್ಟರು ಎಂಬುದನ್ನೆಲ್ಲ ಕಣ್ಣಾರೆ ಕಂಡು ಹೇಳುವವರು ದಿನೇದಿನೇ ಕಡಿಮೆಯಾಗುತ್ತಿದ್ದಾರೆ. ಬೇಸಿಗೆ ರಜೆಯಲ್ಲಿ ಅವರ ಮನೆಗಳಿಗೆ ಹೋಗಿ, ಮೊಬೈಲಿನಲ್ಲಿ ಮಾತು ದಾಖಲಿಸಿಕೊಳ್ಳಿ. ಹಿನ್ನೀರು ತೀರಾ ಇಳಿದ ವರ್ಷ ಹಳೆಯ ಮಡೆನೂರು ಅಣೆಕಟ್ಟು ಮೇಲೆ ಕಾಣಿಸುತ್ತದೆ. ನಡೆಯಬಲ್ಲ ಹಿರಿಯರಿದ್ದರೆ ಒಬ್ಬರನ್ನು ಅಲ್ಲಿಗೆ ಕರೆದುಕೊಂಡು ಹೋಗಿ. ಮನೆಯಲ್ಲಿ ಬಾರದ ನೆನಪು ಅಲ್ಲಿ ಬಂದೀತು. ಬರೆಯುವುದು ಆಮೇಲಾದರೂ ಆಗುತ್ತದೆ, ಕೇಳಿಸಿಕೊಳ್ಳುವುದು ಈಗಲೇ ಆಗಬೇಕು.

ಡಿಸೋಜ ಅವರ ವಿಷಯ. ಸಾಗರದಲ್ಲಿದ್ದು, ಲೋಕೋಪಯೋಗಿ ಇಲಾಖೆಯಲ್ಲಿ ದುಡಿದು, ನೀರು ಏರಿದ್ದನ್ನು ಹತ್ತಿರದಿಂದ ಕಂಡವರು ಅವರು. ‘ಮುಳುಗಡೆ’ ಬರೆದರು, ‘ದ್ವೀಪ’ವನ್ನೂ ಬರೆದರು. ಒಂದು ಬರೆದದ್ದರಿಂದ ಅವರಿಗೇ ಆ ನೀರಿನ ಕಥೆ ಮುಗಿಯಲಿಲ್ಲ. ನೀವು ಮುಳುಗಿದ ಮನೆಯ ಮೊಮ್ಮಗಳು. ಸಂತ್ರಸ್ತರ ಮಕ್ಕಳು, ಮೊಮ್ಮಕ್ಕಳು ಇಂದಿಗೂ ಹಕ್ಕುಪತ್ರಕ್ಕಾಗಿ ಕಚೇರಿ ಅಲೆಯುವುದನ್ನು ಕಾಣುತ್ತಾ ಬೆಳೆದವರು. ಅದನ್ನು ಬರೆಯಬೇಕಾದವರು ನಿಮ್ಮ ತಲೆಮಾರಿನವರೇ.

ದೊಡ್ಡದಕ್ಕೆ ಕಾಯುತ್ತಾ ಕೈಕಟ್ಟಿ ಕೂರಬೇಕಾಗಿಲ್ಲ. ಭೈರಪ್ಪನವರು ‘ಪರ್ವ’ಕ್ಕಾಗಿ ವರ್ಷಗಟ್ಟಲೆ ಓದಿದರು, ಹಿಮಾಲಯದ ಕಡೆಗೂ ಹೋಗಿ ಬಂದರು, ಅದು 1979ರಲ್ಲಿ ಹೊರಬರುವ ಮೊದಲು, 1973ರಲ್ಲಿ ‘ದಾಟು’ ಬಂದಿತ್ತು. ಕುವೆಂಪು ಅವರ ಎರಡು ಕಾದಂಬರಿಗಳ ನಡುವೆ, 1936ರಿಂದ 1967ರವರೆಗೆ, ಮೂರು ದಶಕದ ಅಂತರವಿದೆ. ಆ ನಡುವೆಯೇ ‘ಶ್ರೀ ರಾಮಾಯಣ ದರ್ಶನಂ’ ಬಂತು. ಒಂದು ಕೃತಿ ಒಳಗೆ ಬೆಳೆಯುತ್ತಿರುವಾಗ ಇನ್ನೊಂದನ್ನು ಬರೆದು ಮುಗಿಸಬಹುದು.

ಇನ್ನು ಮುಂದುವರಿದ ಭಾಗ. ಅದರ ಬಗ್ಗೆ ನೀವು ಬರೆದದ್ದು ಒಂದೇ ವಾಕ್ಯ, ಅದರಲ್ಲೂ ಆಸೆ ಪ್ರಕಾಶಕರದು. ಮುಂಗಡ ಹಣ ಪಡೆದಿಲ್ಲವಾದರೆ ಈ ವಾರವೇ ಫೋನ್ ಮಾಡಿ, ಸದ್ಯಕ್ಕೆ ಆಗುವುದಿಲ್ಲವೆಂದು ನೇರವಾಗಿ ಹೇಳಿ. ಪಡೆದಿದ್ದರೆ, ಅದರ ಬದಲು ಖಾನಾವಳಿಯ ಹಸ್ತಪ್ರತಿ ಕೊಟ್ಟರಾದೀತೇ ಎಂದು ಕೇಳಿ. ಬೇಸರ ಮಾಡಿಕೊಂಡಾರೆಂದು ಹೆದರಬೇಡಿ. ಬರುವುದೋ ಇಲ್ಲವೋ ತಿಳಿಯದ ಪುಸ್ತಕಕ್ಕೆ ಕಾಯುವುದಕ್ಕಿಂತ ಸ್ಪಷ್ಟವಾದ ಉತ್ತರ ಅವರಿಗೂ ವಾಸಿ.